ಶಟೌಟ್: ಪಸಡೀನಾದ ಹುಡುಗ ತಂದುಕೊಟ್ಟ ಒಂದೇ ರನ್

ಎದುರಾಳಿಗೆ ಒಂದೂ ರನ್ ಬಿಟ್ಟುಕೊಡದೆ ಬೇಸ್‌ಬಾಲ್ ಪಂದ್ಯ ಗೆದ್ದರೆ ಅದೇ ಶಟೌಟ್.

1956ರ ಅಕ್ಟೋಬರ್ 9, ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್, ಮೇಜರ್ ಲೀಗ್ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ 6ನೇ ಪಂದ್ಯ. ಹಿಂದಿನ ದಿನವಷ್ಟೇ ಯಾಂಕೀಸ್ ತಂಡದ ಪಿಚರ್ (ಚೆಂಡು ಎಸೆಯುವವರು) ಡಾನ್ ಲಾರ್ಸೆನ್ ಬ್ರೂಕ್ಲಿನ್‌ನ ಡಾಡ್ಜರ್ಸ್ ತಂಡದ ಒಬ್ಬರಿಗೂ ಬೇಸ್ ಮುಟ್ಟಲು ಬಿಟ್ಟಿರಲಿಲ್ಲ. ಈಗ ಡಾಡ್ಜರ್ಸ್‌ನ ಕ್ಲೆಮ್ ಲಬೈನ್ ಸರದಿ. ಸಾಮಾನ್ಯವಾಗಿ ಪಂದ್ಯದ ನಡುವೆ ಇಳಿಯುತ್ತಿದ್ದ ಈ ಪಿಚರ್, ಅಂದು ಮೊದಲಿನಿಂದಲೇ ಎಸೆದು 10 ಇನಿಂಗ್ಸ್ ಯಾಂಕೀಸನ್ನು ಸೊನ್ನೆಯಲ್ಲೇ ಕಟ್ಟಿಹಾಕಿದರು. 10ನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ಜಾಕಿ ರಾಬಿನ್ಸನ್ ಹೊಡೆದ ಚೆಂಡು ಎಡಬದಿಯ ಫೀಲ್ಡರ್ ಈನಸ್ ಸ್ಲಾಟರ್ ತಲೆ ಮೇಲೆ ಹಾರಿತು. ಜಿಮ್ ಗಿಲಿಯಂ ಓಡಿ ಬಂದರು. 1-0!

ರಾಬಿನ್ಸನ್ ಬೆಳೆದದ್ದು ಪಸಡೀನಾದಲ್ಲಿ. 1947ರಲ್ಲಿ ಮೇಜರ್ ಲೀಗ್‌ನ ವರ್ಣಭೇದದ ಗೋಡೆ ಕೆಡವಿದವರೆಂದು ಅವರು ಪರಿಚಿತರು. ಅಂದಿನ ಆ ಹೊಡೆತವೇ ಅವರ ವೃತ್ತಿಜೀವನದ ಕೊನೆಯ ಹಿಟ್ ಎಂಬುದನ್ನೂ ನೆನಪಿಡಬೇಕು. ಮರುದಿನ ಯಾಂಕೀಸ್ 9-0 ಅಂತರದ ಇನ್ನೊಂದು ಶಟೌಟ್‌ನಿಂದ ಸರಣಿ ಗೆದ್ದಿತು.

1958ರಲ್ಲಿ ಡಾಡ್ಜರ್ಸ್ ತಂಡ ಪಸಡೀನಾದ ಪಕ್ಕದ ಲಾಸ್ ಏಂಜಲೀಸ್‌ಗೇ ಬಂದಿತು; ಆ ವೇಳೆಗೆ ರಾಬಿನ್ಸನ್ ನಿವೃತ್ತರಾಗಿದ್ದರು.