ಹೊಗೆ ನೋಡು, ಸದ್ದಿಗೆ ಓಡಬೇಡ

ಏನೋ ಮರಿ, ವಾಚಿಗೆ ಮುಂಗಡ ಕಟ್ಟೋಕೆ ಹೊರಟಿದ್ದೀಯಂತೆ? ಒಲಿಂಪಿಕ್ಸ್ ನೆನಪಿನ ಕ್ರೋನೋಗ್ರಾಫು, ಲಿಮಿಟೆಡ್ ಎಡಿಷನ್ನು, ಇವತ್ತು ಬಿಟ್ಟರೆ ನಾಳೆ ಸಿಗಲ್ಲ! ಮೇಲೆ ಎರಡು ವರ್ಷದ ಕಂತು ಬೇರೆ. ಬಾ, ಕೂತ್ಕೋ. ಬೈಯೋಲ್ಲ. ಮೂವತ್ತು ವರ್ಷ ಪಿಟಿ ಮೇಷ್ಟ್ರಾಗಿ ಕತ್ತಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡಿದ್ದ ನನಗೆ ನಿನ್ನ ಆಸೆ ಗೊತ್ತಾಗದೆ ಇರುತ್ತಾ?

ಮೊದಲು ನನ್ನ ಪೆದ್ದುತನ ಕೇಳು. ಕೆಲಸಕ್ಕೆ ಸೇರಿದ ಹೊಸತು. ಜಿಲ್ಲಾ ಕ್ರೀಡಾಕೂಟ, 100 ಮೀಟರ್ ಓಟ. ಫಿನಿಷಿಂಗ್ ಲೈನಿನಲ್ಲಿ ಮೂವರು ವಾಚು ಹಿಡಿದು ನಿಂತಿದ್ದೆವು. ಪಿಸ್ತೂಲಿನ ಹೊಗೆ ಕಂಡ ತಕ್ಷಣ ಗುಂಡಿ ಒತ್ತಬೇಕು, ಸದ್ದಿಗೆ ಕಾಯಬಾರದು. ಸದ್ದು ಸೆಕೆಂಡಿಗೆ ಹೋಗೋದು ಸುಮಾರು 340 ಮೀಟರ್. ಕಿವಿಗೆ ಬೀಳೋ ಹೊತ್ತಿಗೆ ಕಾಲು ಸೆಕೆಂಡಿಗಿಂತ ಹೆಚ್ಚು ಕಳೆದಿರುತ್ತೆ. ನಾನು ಯಾರ ಹತ್ತಿರವೋ ಹರಟುತ್ತಾ ಸದ್ದಿಗೆ ಒತ್ತಿದೆ. ನನ್ನ ವಾಚಿನಲ್ಲಿ ಹುಡುಗ ದಾಖಲೆ ಮುರಿದುಬಿಟ್ಟಿದ್ದ! ಕುಣಿದಾಡಿ ಕೂಗಿಯೂ ಬಿಟ್ಟೆ. ಮೂರು ವಾಚು ಮೂರು ಥರ ಹೇಳಿದರೆ ನಡುವಿನದೇ ಲೆಕ್ಕ. ನನ್ನದನ್ನು ಪಕ್ಕಕ್ಕಿಟ್ಟರು. ನನ್ನ ಮಾನವೂ ಅದರ ಜೊತೆಗೇ ಹೋಯ್ತು.

'ಲಿಮಿಟೆಡ್' ಅನ್ನೋದೂ ಹಾಗೇ, ಬರೀ ಸದ್ದು. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಒಮೆಗಾ ವಾಚು ಕಂಪನಿಯವರು ಸೀಮಾಸ್ಟರ್ ಅಂತ ಒಂದು ನೆನಪಿನ ವಾಚು ತಂದರು. ಮಾಡಿದ್ದು 1,948. ಯಾಕೆ ಅಷ್ಟೇ? ಹಿಂದೆ ಲಂಡನ್ನಿನಲ್ಲಿ ಕೂಟ ನಡೆದದ್ದು 1948ರಲ್ಲಿ. ಇಸವಿಯೇ ಎಣಿಕೆ ಆಯ್ತು ಅಷ್ಟೆ, ಕೆಲಸಗಾರರ ಕೈ ಸೋತು ನಿಲ್ಲಿಸಿದ್ದಲ್ಲ.

ಹಾಗಂತ ಅದರ ಹಿಂದಿನ ಚರಿತ್ರೆ ಸುಳ್ಳಲ್ಲ ಕಣೋ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಅದೇ ಕಂಪನಿ 30 ಸ್ಟಾಪ್‌ವಾಚು ಕೊಟ್ಟು, ಜೊತೆಗೆ ಒಬ್ಬನೇ ಒಬ್ಬ ವಾಚು ರಿಪೇರಿಯವನನ್ನು ಕಳಿಸಿತ್ತು. ಇಡೀ ಕೂಟಕ್ಕೆ ಅಷ್ಟೇ! ಅವು ಶೋಕೇಸಿನಲ್ಲಿ ಮೆರೆಯೋಕೆ ಹೋದವಲ್ಲ, ಬಿಸಿಲಿನಲ್ಲಿ ದುಡಿಯೋಕೆ ಹೋದವು.

ಇನ್ನೊಂದು ಲೆಕ್ಕ ನೋಡು. 1984ರಲ್ಲಿ, ಮತ್ತೆ ಲಾಸ್ ಏಂಜಲೀಸಿನಲ್ಲೇ, ನಮ್ಮ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಡಿದ್ದು 55.42 ಸೆಕೆಂಡಿನಲ್ಲಿ. ಕಂಚು ಗೆದ್ದವಳದ್ದು 55.41. ನೂರರಲ್ಲೊಂದು ಪಾಲಿಗೆ ಪದಕ ಹೋಯ್ತು. ನೀನು ಕಣ್ಣಿಟ್ಟಿರೋ ಥರದ ವಾಚು ಸಾಮಾನ್ಯವಾಗಿ ಗಂಟೆಗೆ 28,800 ಸಲ ಮಿಡಿಯುತ್ತೆ, ಅಂದರೆ ಸೆಕೆಂಡಿಗೆ ಎಂಟು. ಎಂಟರಲ್ಲೊಂದು ಪಾಲಿಗಿಂತ ಸಣ್ಣದು ಅದಕ್ಕೆ ಕಾಣೋದೇ ಇಲ್ಲ. ಲಕ್ಷಗಟ್ಟಲೆ ಸುರಿದ ವಾಚಿನಲ್ಲಿ ಉಷಾನೂ ಅವಳೂ ಜೋಡಿಯಾಗಿ ಬಂದಿರುತ್ತಿದ್ದರು! ಹಾಗಾಗಿ ನೀನು ಕೊಳ್ಳೋದು ಕಾಲ ಅಳೆಯೋಕಲ್ಲ, ಒಂದು ಕಥೆ ಕಟ್ಟಿಕೊಂಡು ಓಡಾಡೋಕೆ. ಅದೇನೂ ತಪ್ಪಲ್ಲ. ಸಾಲ ಮಾಡಿ ಕಥೆ ಕೊಳ್ಳೋದು ತಪ್ಪು.

ಅದಕ್ಕೇ ಕೈಗೆ ನಗದು ಸೇರೋವರೆಗೆ ಕಾಯಿ. ಕೊಳ್ಳೋ ಮುಂಚೆ ಸರ್ವಿಸ್‌ಗೆ ಎಷ್ಟಾಗುತ್ತೆ ಅಂತ ಕೇಳು. ಬೆಲೆ ಕೇಳಿ ಬೀಗಿದವನು ಅಲ್ಲೇ ಬೆವರುತ್ತಾನೆ. ಕೊಂಡಮೇಲೆ ಕ್ರೋನೋಗ್ರಾಫಿನ ಮುಳ್ಳು ಓಡುತ್ತಿರುವಾಗ ರೀಸೆಟ್ ಗುಂಡಿಗೆ ಕೈ ಹಾಕಬೇಡ, ನೀರೊಳಗಂತೂ ಯಾವ ಗುಂಡಿಯನ್ನೂ ಮುಟ್ಟಬೇಡ. ಲಾಕರಿನಲ್ಲಿ ಬಚ್ಚಿಡಬೇಡ, ಕಟ್ಟಿಕೋ.

ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬಾ. ಬೀದಿ ಮಕ್ಕಳು ಓಡುತ್ತವೆ, ನನ್ನ ಹಳೇ ಸ್ಟಾಪ್‌ವಾಚು ಹಿಡಿದು ನಿಲ್ಲು. ಹತ್ತು ಭಾನುವಾರ ನಿಂತಮೇಲೂ ಆಸೆ ಹಾಗೇ ಇದ್ದರೆ, ಕಮ್ಮಿ ಬಿದ್ದದ್ದು ನನ್ನ ಪೆನ್ಷನ್ನಿನಿಂದ.

ಆರು ಗಂಟೆ ಅಂದರೆ ಆರೇ ಗಂಟೆ. ಹೋದ ಸಲದ ಹಾಗೆ ಏಳೂವರೆಗೆ ಬಂದು 'ಟೈಮೇ ನೋಡ್ಲಿಲ್ಲ ತಾತಾ' ಅನ್ನಬೇಡ.