ಹೊಟ್ಟೆ ತುಂಬಿದರೂ ಹಸಿಯುವ ಶರೀರ

ಬಡವನಹಳ್ಳಿಯ ಸುತ್ತಣ ಊರುಗಳಲ್ಲಿ ಅಂಗಡಿಯ ಮುಂದೆ ತೋರಣದಂತೆ ತೂಗುವ ಕುರುಕಲು ತಿಂಡಿಯ ಪೊಟ್ಟಣಗಳನ್ನು ನೀವು ದಿನಾಲು ಕಾಣುತ್ತೀರಿ. ಮಕ್ಕಳು ಅವುಗಳಿಂದಲೇ ಹಸಿವು ತೀರಿಸಿಕೊಂಡು, ಮನೆಗೆ ಬಂದ ಮೇಲೆ ಮುದ್ದೆ ಬೇಡವೆನ್ನುತ್ತಾರೆ. ಇದರಿಂದುಂಟಾಗುವ ಕೇಡು ಎಂಥದೆಂದು ವಿಚಾರಿಸೋಣ.

೧. ಒಂದು ದೃಷ್ಟಾಂತ. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಒಬ್ಬ ಹುಡುಗನು ಚಿಕ್ಕಂದಿನಿಂದ ಕರಿದ ಆಲೂಗಡ್ಡೆ, ಚಿಪ್ಸು, ಬಿಳೀ ಬ್ರೆಡ್ಡು, ಸಂಸ್ಕರಿಸಿದ ಮಾಂಸ ಇವುಗಳಿಂದಲೇ ಜೀವಿಸಿದನು. ಅವನ ಎತ್ತರವೂ ತೂಕವೂ ಸರಿಯಾಗಿಯೇ ಇದ್ದವು. ೧೪ನೆಯ ವಯಸ್ಸಿನಲ್ಲಿ ಆಯಾಸವೆಂದು ವೈದ್ಯರ ಬಳಿಗೆ ಹೋದಾಗ ರಕ್ತಹೀನತೆಯೂ ಬಿ೧೨ ಜೀವಸತ್ವದ ಕೊರತೆಯೂ ಕಂಡುಬಂದವು. ಚುಚ್ಚುಮದ್ದು ಕೊಟ್ಟರು, ಊಟದ ರೀತಿಯು ಮಾತ್ರ ಬದಲಾಗಲಿಲ್ಲ. ೧೭ ವರ್ಷಕ್ಕೆ ಕಣ್ಣಿನ ನರವು ಕೆಟ್ಟು, ಹೋದ ದೃಷ್ಟಿಯು ತಿರುಗಿ ಬರಲಿಲ್ಲ. ವೈದ್ಯರು ಈ ಸಂಗತಿಯನ್ನು ೨೦೧೯ರಲ್ಲಿ ಪ್ರಕಟಿಸಿದರು. ಇಂಥದು ಅಪರೂಪವೇ ಸರಿ. ಆದರೂ ಮೈ ತುಂಬಿಕೊಂಡಿದ್ದರೆ ಸಾಕು ಎಂದು ನಂಬುವವರಿಗೆ ಇದು ಎಚ್ಚರಿಕೆ.

೨. ಕಾರಣ. ಹಿಟ್ಟು, ಎಣ್ಣೆ, ಸಕ್ಕರೆಗಳು ಶರೀರಕ್ಕೆ ಕಾವು ಕೊಡುತ್ತವೆ. ಆದರೆ ರಕ್ತಕ್ಕೆ ಕಬ್ಬಿಣವೂ ಎಲುಬಿಗೆ ಸುಣ್ಣದ ಅಂಶವೂ ನರಗಳಿಗೆ ಜೀವಸತ್ವಗಳೂ ಬೇಕು. ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ವೈದ್ಯನು, ತವುಡು ತೆಗೆದ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬಿದ್ದದ್ದನ್ನೂ ತವುಡಿನ ಅಕ್ಕಿಯಿಂದ ಗುಣವಾದದ್ದನ್ನೂ ಕಂಡನು. ಆ ಶೋಧನೆಗಾಗಿ ೧೯೨೯ರಲ್ಲಿ ನೊಬೆಲ್ ಬಹುಮಾನವನ್ನು ಹೊಂದಿದನು. ಇದಲ್ಲದೆ ಪೊಟ್ಟಣದಲ್ಲಿರುವ ಹೆಚ್ಚಾದ ಉಪ್ಪು ಕಾಲಕ್ರಮದಲ್ಲಿ ರಕ್ತದ ಒತ್ತಡವನ್ನು ಏರಿಸುತ್ತದೆ.

೩. ನಮ್ಮ ಸೀಮೆಯ ವಿಶೇಷ. ಪಾವಗಡ, ಶಿರಾ, ಮಧುಗಿರಿ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಉಂಟು. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಅದು ಇನ್ನೂ ಹೆಚ್ಚಾದರೆ ಎಲುಬುಗಳು ಬಿಗಿಯುತ್ತವೆ. ಊಟದಲ್ಲಿ ಸುಣ್ಣದ ಅಂಶ ಕಡಿಮೆಯಾದಷ್ಟೂ ಈ ಕೇಡು ಹೆಚ್ಚುತ್ತದೆ. ನೂರು ಗ್ರಾಂ ರಾಗಿಯಲ್ಲಿ ಆ ಅಂಶ ಸುಮಾರು ೩೫೦ ಮಿಲಿಗ್ರಾಂ. ಬಿಳೀ ಅಕ್ಕಿಯಲ್ಲಿ ಸುಮಾರು ೧೦. ಹೀಗಿರಲಾಗಿ ನಮ್ಮ ಮಗು ಪೊಟ್ಟಣಕ್ಕಾಗಿ ಮುದ್ದೆಯನ್ನು ಬಿಡುವುದು, ಬಿಸಿಲ ನಾಡಿನಲ್ಲಿ ಕೊಡೆಯನ್ನು ಎಸೆದಂತೆಯೇ. ರಾಗಿಯುಂಡರೂ ಶುದ್ಧೀಕರಿಸಿದ ನೀರನ್ನೇ ಕುಡಿಯತಕ್ಕದ್ದು.

೪. ಮಾಡತಕ್ಕದ್ದು. ಮುಂಜಾನೆ ಕೂಲಿಗೆ ಹೋಗುವ ತಾಯಿ ಮಗುವಿನ ಕೈಯಲ್ಲಿ ಹತ್ತು ರೂಪಾಯಿ ಇಟ್ಟು ಹೋಗುವುದು ಪ್ರೀತಿಯಿಂದಲೇ, ಅವಳನ್ನು ಗದರಿಸಬೇಡಿರಿ. ಒಲೆ ಹಚ್ಚದೆ ಬೆಲ್ಲದೊಡನೆ ಕಲಸಿಕೊಡಬಹುದಾದ ರಾಗಿ ಹುರಿಹಿಟ್ಟನ್ನು ಡಬ್ಬದಲ್ಲಿ ಸಿದ್ಧವಾಗಿಡಲಿ. ಹುರಿದ ಕಡಲೆಕಾಯಿ, ಹುರುಳಿ, ನುಗ್ಗೆಸೊಪ್ಪು, ಸೀಬೆಹಣ್ಣು, ಮಜ್ಜಿಗೆ, ಮೊಟ್ಟೆ ಇವೆಲ್ಲಾ ನಮ್ಮ ಊರಲ್ಲೇ ಸಿಕ್ಕುತ್ತವೆ. ಕುರುಕಲು ತಿಂಡಿಯು ಜಾತ್ರೆಯ ದಿನಕ್ಕಿರಲಿ, ದಿನದ ಊಟವಾಗದಿರಲಿ.

ಪ್ರಶ್ನೆಗಳು: (೧) ಬ್ರಿಸ್ಟಲಿನ ಹುಡುಗನ ದೃಷ್ಟಿ ಯಾಕೆ ಹೋಯಿತು? (೨) ನಮ್ಮ ನೀರಿಗೂ ರಾಗಿಗೂ ಇರುವ ಸಂಬಂಧವೇನು? (೩) ಈ ವಾರ ನಿಮ್ಮ ಮನೆಯಲ್ಲಿ ಪೊಟ್ಟಣಗಳಿಗಾದ ಖರ್ಚೆಷ್ಟು? ಅಷ್ಟರಿಂದ ಎಷ್ಟು ಮೊಟ್ಟೆ ಬರುತ್ತಿತ್ತು?