ಅಮ್ಮನ ಗಮ್ ಡಬ್ಬಿ, ನಮ್ಮ ಕರಿಯ

ಅಮ್ಮನಿಗೆ ಎಲೆಅಡಿಕೆ ಬಿಡಿಸಿದ್ದೇ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್. ಮಾತ್ರೆಗಳಿಂದ ಬಾಯಿ ಒಣಗಿ ಹಲ್ಲಿನ ಬುಡ ಹುಳುಕಾಗುತ್ತಿತ್ತು. ಊಟವಾದ ಮೇಲೆ ಇಪ್ಪತ್ತು ನಿಮಿಷ ಜಗಿಯಿರಿ ಎಂದರು ಹಲ್ಲಿನ ಡಾಕ್ಟ್ರು. ಜಗಿದರೆ ಜೊಲ್ಲು ಊರಿ, ಹಲ್ಲು ಕರಗಿಸುವ ಆಮ್ಲದ ಬಲ ಕುಗ್ಗುತ್ತದೆ. ಗಮ್ಮಿನಲ್ಲಿ ಸಕ್ಕರೆಯ ಬದಲು ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ಇನ್ನೂ ಒಳ್ಳೆಯದು. ಹುಳುಕಿನ ಬ್ಯಾಕ್ಟೀರಿಯಾ ಅದರಿಂದ ಆಮ್ಲ ಮಾಡಲಾರದು. 1970ರ ದಶಕದಲ್ಲೇ ಫಿನ್ಲೆಂಡಿನ ಟುರ್ಕುವಿನಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಅಡಿಕೆಯೋ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಹಾಗಾಗಿ ಅಮ್ಮ ಇವತ್ತಿಗೂ ಗಮ್ಮೇ ಜಗಿಯುತ್ತಾರೆ.

ದುಬೈಯಿಂದ ಬಂದ ಅಣ್ಣ ದೊಡ್ಡ ಡಬ್ಬಿಯನ್ನೇ ತಂದು ಜಗಲಿಯ ಮೇಲೆ ಇಟ್ಟ. ಮೇಲೆತ್ತಿಡು, ನಮ್ಮ ನಾಯಿ ಕರಿಯ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ ಎಂದೆ. "ಸಕ್ರಿ ಸಹ ಇಲ್ಲೆ ಅದ್ರಗೆ, ಎಂತ ಆತಿಲ್ಲೆ ಮಾರಾಯ್ತಿ" ಎಂದು ನಕ್ಕ.

ಆಸಾಡಿ ಮಳೆಯ ಭಾನುವಾರ. ಕರಿಯ ಅಂಗಳದಲ್ಲಿ ವಾಂತಿ ಮಾಡಿದ. ಎದ್ದು ಬರಲು ಹೋದರೆ ಹಿಂಗಾಲು ನಿಲ್ಲಲಿಲ್ಲ. ಹುಳ ಮುಟ್ಟಿರಬೇಕೆಂದು ಟಾರ್ಚ್ ಹಿಡಿದು ಮೈಯೆಲ್ಲ ಹುಡುಕಿದೆ. ಆಗ ಕಂಡದ್ದು ಬೆಂಚಿನಡಿಯ ಹರಿದ ಡಬ್ಬಿ. ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿದರೆ, ನಾಳೆ ಒಂಬತ್ತಕ್ಕೆ ಕರ್ಕೊಂಡು ಬನ್ನಿ ಎಂಬ ಉತ್ತರ. ನಾಳೆಯಂತೆ! ಕುಂದಾಪುರದ ಖಾಸಗಿ ಡಾಕ್ಟ್ರು ಮಾತ್ರ ಡಬ್ಬಿಯ ಮೇಲೆ ಎಂತ ಬರೆದಿದೆ ಓದಿ ಎಂದರು. ಕ್ಸೈಲಿಟಾಲ್ ಎಂದೆ. ನಾಯಿಗಳಲ್ಲಿ ಅದು ಇನ್ಸುಲಿನ್ ಉಕ್ಕಿಸಿ ರಕ್ತದ ಸಕ್ಕರೆಯನ್ನು ಇಳಿಸಿಬಿಡುತ್ತದೆ, ಒಸಡಿಗೆ ಬೆಲ್ಲ ಸವರಿ ಕೂಡಲೇ ಹೊರಡಿ ಎಂದರು.

ನಾವುಂದದಿಂದ ಕುಂದಾಪುರದವರೆಗೆ ರಿಕ್ಷಾದಲ್ಲಿ ಅವನ ತಲೆ ನನ್ನ ತೊಡೆಯ ಮೇಲೆ. ಬೆರಳಿಗೆ ಜೋನಿ ಬೆಲ್ಲ ಅದ್ದಿ ಒಸಡಿಗೆ ಉಜ್ಜುತ್ತಿದ್ದೆ; ನಾಲಿಗೆ ತಣ್ಣಗಿತ್ತು, ನೆಕ್ಕಲಿಲ್ಲ. ಮರವಂತೆ ಬರುವಾಗ ಮೈ ಸೆಟೆದು ಕಾಲುಗಳು ನಡುಗತೊಡಗಿದವು. ಸಮುದ್ರದ ಕಡೆಯಿಂದ ಇರಚಲು ಹೊಡೆಯುತ್ತಿತ್ತು, ಸೀರೆಯ ಸೆರಗಿನಲ್ಲಿ ಸುತ್ತಿ ಹಿಡಿದೆ. ಹೆಮ್ಮಾಡಿ ದಾಟುವ ಹೊತ್ತಿಗೆ ಬೆರಳಿಗೆ ಸಣ್ಣಗೆ ನಾಲಿಗೆ ತಾಗಿತು. ಕುಂದಾಪುರದಲ್ಲಿ ಡಾಕ್ಟ್ರು ಗ್ಲೂಕೋಸ್ ಡ್ರಿಪ್ ಹಾಕಿದರು. ಯಕೃತ್ತಿಗೂ ಪೆಟ್ಟಾಗಬಹುದೆಂದು ಮತ್ತೆ ಮತ್ತೆ ರಕ್ತ ನೋಡಿದರು. ಕರಿಯ ಉಳಿದ.

ಗಮ್ ಜಗಿಯಿರಿ, ಆದರೆ ಹಲ್ಲುಜ್ಜುವುದಕ್ಕೆ ಅದು ಬದಲಿಯಲ್ಲ. ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಪೊಟ್ಟಣದ ಮೇಲೆ ಕ್ಸೈಲಿಟಾಲ್ ಅಥವಾ ಅದರ ಸಂಕೇತ ಸಂಖ್ಯೆ 967 ಎಂದಿದ್ದರೆ ಕಪಾಟಿನೊಳಗಿಡಿ. ನಾಯಿ ತಿಂದರೆ ಲಕ್ಷಣಕ್ಕೆ ಕಾಯದೆ ಪೊಟ್ಟಣದ ಸಮೇತ ಪಶು ಡಾಕ್ಟ್ರ ಬಳಿಗೆ ಹೊರಡಿ.

ಮಳೆಯ ಥಂಡಿಗೆ ನಾಯಿಗೆ ಹಾಗಾಯಿತೆಂದೇ ಅಣ್ಣ ಇನ್ನೂ ಹೇಳುತ್ತಾನೆ. ಡಾಕ್ಟ್ರ ಚೀಟಿ ತೆಗೆದಿಟ್ಟಿದ್ದೇನೆ, ಊರಿಗೆ ಬಂದಾಗ ಓದಿಸುತ್ತೇನೆ.